ಜೋಗಿಮಟ್ಟಿಯ ಬಾಗಿಲಿಗೆ ಬರುವ ಎರಡು ನಾಯಿಗಳು

ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಐಮಂಗಲದ ಆಸುಪಾಸಿನಲ್ಲಿ ಪಶ್ಚಿಮ ದಿಕ್ಕಿಗೆ ಒಂದು ಬೆಟ್ಟಸಾಲು ಕಾಣಿಸುತ್ತದೆ. ನೆತ್ತಿಯ ಮೇಲೆ ಗಾಳಿಯಂತ್ರಗಳು, ಇಳಿಜಾರಿನಲ್ಲಿ ಕುರುಚಲು ಕಾಡು, ಬುಡದಲ್ಲಿ ಹಟ್ಟಿಗಳು. ಚಿತ್ರದುರ್ಗದ ಕೋಟೆಯ ಬೆನ್ನಿನಿಂದ ಹೊರಟು ಮಾರಿಕಣಿವೆಯ ದಿಕ್ಕಿಗೆ ಹಬ್ಬಿರುವ ಈ ಸಾಲಿನ ಸುಮಾರು 100 ಚದರ ಕಿಲೋಮೀಟರ್ ಕಾಡನ್ನು ರಾಜ್ಯ ಸರ್ಕಾರ 2015ರಲ್ಲಿ ಜೋಗಿಮಟ್ಟಿ ವನ್ಯಜೀವಿಧಾಮವೆಂದು ಘೋಷಿಸಿತು. ಚಿರತೆ, ಕರಡಿ, ನರಿ, ನವಿಲು, ಕಾಡುಹಂದಿ, ಮೊಲ, ಉಡ ಇವೆಲ್ಲ ಇಲ್ಲಿನ ಹಳೆಯ ವಾಸಿಗಳು. ಇದು ಕುದುರೆಮುಖದಂತೆ ರಾಷ್ಟ್ರೀಯ ಉದ್ಯಾನವಲ್ಲ. ಆದರೆ ಒಳಗೆ ಯಾರು ಬರಬಹುದು, ಯಾವ ಕಾರಣಕ್ಕೆ ಬರಬಹುದು ಎಂಬ ವಿಷಯದಲ್ಲಿ ಎರಡಕ್ಕೂ ಅನ್ವಯಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅವೇ ಕಲಮುಗಳು.

ಈ ಬೆಟ್ಟಕ್ಕೆ ಎರಡು ಬಗೆಯ ನಾಯಿಗಳು ಬರುತ್ತವೆ. ಒಂದು, ಕುರಿಮಂದೆಯ ಹಿಂದೆ ನಡೆದು ಬರುವ ಹಟ್ಟಿಯ ನಾಯಿ. ಮೈಮೇಲೆ ಉಣ್ಣೆ, ಕಿವಿಯಲ್ಲಿ ಗಾಯ, ಹೊಟ್ಟೆಗೆ ರಾತ್ರಿ ಉಳಿದ ಮುದ್ದೆ. ಇನ್ನೊಂದು, ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಕ್ರಮಿಸಿ ಬರುವ ಲ್ಯಾಬ್ರಡಾರ್ ಅಥವಾ ಹಸ್ಕಿ. ಹಿಮಪ್ರದೇಶದಲ್ಲಿ ಬಂಡಿ ಎಳೆಯಲೆಂದು ಬೆಳೆದ ತಳಿಯನ್ನು ಚಿತ್ರದುರ್ಗದ ಬಿಸಿಲಿನಲ್ಲಿ ಬಂಡೆ ಹತ್ತಿಸುವುದೇ ಒಂದು ಕ್ರೌರ್ಯ. ಅದು ಇರಲಿ. ಮೊದಲನೆಯ ನಾಯಿಯ ಒಡೆಯ ಅರಣ್ಯದ ದೃಷ್ಟಿಯಲ್ಲಿ ಆರೋಪಿ. ಎರಡನೆಯ ನಾಯಿಯ ಒಡೆಯ ಅತಿಥಿ. ಕಾರಿನವರಿಗೆ “ಸಾರ್, ನಾಯಿಯನ್ನು ಸ್ವಲ್ಪ ಹಿಡಿದುಕೊಳ್ಳಿ ಸಾರ್” ಎನ್ನುವ ಬಾಯಿಯೇ ಕುರಿಗಾರನಿಗೆ “ಏಯ್, ನಾಯಿ ಕರಿಯೋ, ಇಲ್ಲಾಂದ್ರೆ ಕೇಸ್ ಹಾಕ್ತೀನಿ” ಎನ್ನುತ್ತದೆ. ವನ್ಯಜೀವಿಯ ಪಾಲಿಗೆ ಈ ವ್ಯತ್ಯಾಸಕ್ಕೆ ಯಾವ ಅರ್ಥವೂ ಇಲ್ಲ. ಗೂಡಿನಲ್ಲಿ ಕುಳಿತ ಕೌಜುಗಕ್ಕೆ ನಾಯಿಯ ಜಾತಿ ಗೊತ್ತಾಗುವುದಿಲ್ಲ, ವಾಸನೆ ಮಾತ್ರ ಗೊತ್ತಾಗುತ್ತದೆ.

ಸಂರಕ್ಷಿತ ಕಾಡಿನೊಳಗೆ ವಿಹಾರಕ್ಕೆಂದು ಬರುವ ನಾಯಿಯನ್ನು ಬಾಗಿಲಲ್ಲಿಯೇ ತಡೆಯಬೇಕು. ಹಗ್ಗವಿದ್ದರೂ, ಲಸಿಕೆಯ ಚೀಟಿಯಿದ್ದರೂ, ಒಡೆಯ ಎಷ್ಟೇ ದೊಡ್ಡವನಾದರೂ ಇದಕ್ಕೆ ವಿನಾಯಿತಿ ಇರಕೂಡದು. ಕಾಡಿನ ಅಂಚಿನಲ್ಲಿ ಹೊಟ್ಟೆಪಾಡಿಗೆ ಮಂದೆ ಕಾಯುವ ನಾಯಿಗಾದರೋ ಲಸಿಕೆ ಹಾಕಿಸುವ ಹೊಣೆಯನ್ನು ಸರ್ಕಾರ ತನ್ನ ಖರ್ಚಿನಲ್ಲಿ ಹೊರಬೇಕು. ಈಗ ನಡೆಯುತ್ತಿರುವುದು ಇದರ ತಲೆಕೆಳಗು.

ನಾಯಿಪ್ರಿಯ ಚಾರಣಿಗರ ಬಳಿ ಮೂರು ಸಮರ್ಥನೆಗಳು ಸದಾ ಸಿದ್ಧವಾಗಿರುತ್ತವೆ. ನಾಯಿಯನ್ನು ಹಗ್ಗದಲ್ಲಿ ಹಿಡಿದಿರುತ್ತೇವೆ, ಅದಕ್ಕೆ ಎಲ್ಲ ಲಸಿಕೆಗಳೂ ಆಗಿವೆ, ವಿದೇಶಗಳಲ್ಲಿ ಎಲ್ಲರೂ ನಾಯಿಯೊಡನೆಯೇ ಬೆಟ್ಟ ಹತ್ತುತ್ತಾರೆ ಎಂದು.

ಹಗ್ಗದ ಮಾತನ್ನು ಮೊದಲು ನೋಡೋಣ. ಆಸ್ಟ್ರೇಲಿಯದ ಸಿಡ್ನಿ ನಗರದ ಸಮೀಪದ ಕಾಡುಗಳಲ್ಲಿ ಇದನ್ನೇ ಪರೀಕ್ಷೆಗೊಡ್ಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹಗ್ಗದಲ್ಲಿ ಹಿಡಿದ ನಾಯಿಯನ್ನು ಕಾಲುದಾರಿಯಲ್ಲಿ ನಡೆಸಿದಾಗ ಅಲ್ಲಿ ಕಾಣಸಿಗುತ್ತಿದ್ದ ಪಕ್ಷಿ ಪ್ರಭೇದಗಳಲ್ಲಿ ಶೇಕಡಾ 35ರಷ್ಟು, ಒಟ್ಟು ಪಕ್ಷಿಗಳ ಸಂಖ್ಯೆಯಲ್ಲಿ ಶೇಕಡಾ 41ರಷ್ಟು ಇಳಿಕೆ ಕಂಡಿತು. ನಾಯಿಯಿಲ್ಲದೆ ಮನುಷ್ಯ ಮಾತ್ರ ನಡೆದಾಗಲೂ ಹಕ್ಕಿಗಳು ಸರಿದವು, ಆದರೆ ಹೆಚ್ಚುಕಡಿಮೆ ಅದರ ಅರ್ಧದಷ್ಟು. ದಿನವೂ ನಾಯಿಗಳು ಓಡಾಡುವ ದಾರಿಗಳಲ್ಲಿಯೂ ಇದೇ ಫಲಿತಾಂಶ ಬಂತು. ಅಂದರೆ ಹಕ್ಕಿಗಳು ನಾಯಿಗೆ ‘ಒಗ್ಗಿಕೊಳ್ಳುತ್ತವೆ’ ಎಂಬ ಸಮಾಧಾನಕ್ಕೂ ಆಧಾರವಿಲ್ಲ. ಮರದ ಮೇಲೆ ಗೂಡು ಕಟ್ಟುವ ಹಕ್ಕಿ ಹಾರಿಹೋಗಿ ಮರಳಬಹುದು. ಆದರೆ ಜೋಗಿಮಟ್ಟಿಯಂತಹ ಒಣ ಕುರುಚಲಿನಲ್ಲಿ ಕೌಜುಗ, ಲಾವಕ್ಕಿ, ನವಿಲುಗಳು ಮೊಟ್ಟೆಯಿಡುವುದು ನೆಲದ ಮೇಲೆ. ತಾಯಿ ಎದ್ದುಹೋದ ಮೊಟ್ಟೆಯನ್ನು ಬಿಸಿಲಾದರೂ ಕಾಗೆಯಾದರೂ ಮುಗಿಸುತ್ತದೆ. ಹಗ್ಗವು ನಾಯಿಯ ಹಲ್ಲನ್ನು ತಡೆಯಬಲ್ಲದೇ ಹೊರತು ಅದರ ಇರವನ್ನು ಮರೆಮಾಡಲಾರದು. ಇಷ್ಟಾಗಿಯೂ ಮೊದಲ ತಿರುವು ದಾಟಿದ ಮೇಲೆ ಚಿತ್ರ ತೆಗೆಯುವ ನೆಪದಲ್ಲಿ ಆ ಹಗ್ಗ ಕಳಚುತ್ತದೆ ಎಂಬುದು ಹಗ್ಗ ಹಿಡಿದವರಿಗೂ ಗೊತ್ತು.

ನಾಯಿಯ ಸ್ವಭಾವವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ರಿ.ಶ. 949-50ರ ಆತಕೂರು ಶಾಸನ ಈ ನಾಡಿನಲ್ಲಿ ನಾಯಿಗೆ ಸಂದ ಅತ್ಯಂತ ದೊಡ್ಡ ಗೌರವ. ಗಂಗರ ಬೂತುಗನ ಅನುಚರನಾದ ಮಣಲೆರನು ತನ್ನ ಶೌರ್ಯಕ್ಕೆ ಪ್ರತಿಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಒಡೆಯ ನಾಯಿಗಾಗಿ ಕಲ್ಲು ನೆಡಿಸಿ ಭೂಮಿ ಬಿಡಿಸಿದ. ನಾಯಿಯನ್ನು ಪ್ರೀತಿಸಲು ಈ ನಾಡು ಯಾರಿಂದಲೂ ಪಾಠ ಕಲಿಯಬೇಕಾಗಿಲ್ಲವೆಂದು ಆ ಕಲ್ಲು ಹೇಳುತ್ತದೆ. ಗುಡ್ಡದಲ್ಲಿ ಬಿಟ್ಟ ನಾಯಿ ಏನು ಮಾಡುತ್ತದೆ ಎಂಬುದನ್ನೂ ಅದೇ ಕಲ್ಲು ಹೇಳುತ್ತದೆ.

ವಿದೇಶದ ಮಾತು ಇನ್ನೂ ಬೇಗ ಬಿದ್ದುಹೋಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿರುವ, 1914ರಲ್ಲಿ ಸ್ಥಾಪನೆಯಾದ ಸ್ವಿಸ್ ರಾಷ್ಟ್ರೀಯ ಉದ್ಯಾನದೊಳಗೆ ನಾಯಿಗೆ ಪ್ರವೇಶವೇ ಇಲ್ಲ, ಹಗ್ಗದಲ್ಲಿದ್ದರೂ ಇಲ್ಲ. ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಎಂಟುನೂರಕ್ಕೂ ಹೆಚ್ಚು ಮೈಲಿ ಉದ್ದದ ಚಾರಣದ ಹಾದಿಗಳಿವೆ. ಅವುಗಳಲ್ಲಿ ನಾಯಿಗೆ ತೆರೆದಿರುವುದು ಎರಡೇ ಎರಡು ಗಿಡ್ಡ ದಾರಿಗಳು, ಅದೂ ಆರು ಅಡಿ ಮೀರದ ಹಗ್ಗದಲ್ಲಿ. ವಿದೇಶದ ಬೂಟು, ಬೆನ್ನಚೀಲ, ನಾಯಿ ಮೂರನ್ನೂ ತರಿಸಿಕೊಂಡವರು ಅಲ್ಲಿನ ನಿಯಮವನ್ನು ಮಾತ್ರ ವಿಮಾನನಿಲ್ದಾಣದಲ್ಲೇ ಬಿಟ್ಟುಬಂದಿದ್ದಾರೆ.

ಆ ನಿಯಮಗಳ ಹಿಂದಿನ ಭಯ ಕಾಲ್ಪನಿಕವಲ್ಲ. ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪವಿದೆ. ಅದೂ ಒಂದು ರಾಷ್ಟ್ರೀಯ ಉದ್ಯಾನ. 1980ರಲ್ಲಿ ಅಲ್ಲಿ 50 ತೋಳಗಳಿದ್ದವು. 1982ರ ಹೊತ್ತಿಗೆ ಉಳಿದದ್ದು 14. ನಾಯಿಗಳಲ್ಲಿ ವಾಂತಿಭೇದಿ ತಂದು ಕೊಲ್ಲುವ ಪಾರ್ವೊ ವೈರಾಣು ತೋಳಗಳಿಗೆ ತಗಲಿತ್ತು. ನಿಷೇಧವಿದ್ದರೂ ಯಾರೋ ಪ್ರವಾಸಿ ದ್ವೀಪಕ್ಕೆ ತಂದ ನಾಯಿಯಿಂದಲೇ ಅದು ಬಂದಿರಬೇಕೆಂಬುದು ಅಲ್ಲಿ ದಶಕಗಳ ಕಾಲ ತೋಳಗಳ ಬೆನ್ನುಹತ್ತಿದ ಸಂಶೋಧಕರ ತೀರ್ಮಾನ. ಆ ನಾಯಿ ಯಾವ ತೋಳವನ್ನೂ ಕಚ್ಚಿರಲಾರದು, ಅಟ್ಟಿಸಿಕೊಂಡೂ ಹೋಗಿರಲಾರದು. ದಾರಿಬದಿಯಲ್ಲಿ ಮಲ ಹಾಕಿರಬಹುದು, ಅಷ್ಟೆ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಚಾರಣಿಗ ಊರು ಸೇರಿ ಸ್ನಾನ ಮಾಡಿ ಮಲಗಿದ ಮೇಲೂ ಅವನ ನಾಯಿ ಬಿಟ್ಟುಹೋದದ್ದು ಕಾಡಿನಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.

ಲಸಿಕೆ ಹಾಕಿಸಿದೆ ಎನ್ನುವವರಿಗೆ ಇಲ್ಲಿ ಅರ್ಧ ಉತ್ತರವಿದೆ. ಡಿಸ್ಟೆಂಪರ್, ಪಾರ್ವೊ, ಹುಚ್ಚುನಾಯಿ ರೋಗ ಇವಕ್ಕೆ ಲಸಿಕೆಯಿದೆ, ಹಾಕಿಸಿದರೆ ಒಳ್ಳೆಯದೇ. ಆದರೆ ಕಜ್ಜಿಯ ನುಸಿಗೆ, ಉಣ್ಣೆಗೆ, ಮಲದಲ್ಲಿ ಬರುವ ಜಂತಿನ ಮೊಟ್ಟೆಗೆ ಆ ಚುಚ್ಚುಮದ್ದಿನ ಹಂಗಿಲ್ಲ. ಇನ್ನು ಕಾಡಿನ ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಲಸಿಕೆಯ ಚೀಟಿ ಓದಿ ಅವಧಿ ಮೀರಿದೆಯೇ ಇಲ್ಲವೇ ಎಂದು ನಿರ್ಣಯಿಸುವ ಕೆಲಸ ಒಪ್ಪಿಸುವುದಂತೂ ನಗೆಪಾಟಲು.

ರೋಗದ ಕಥೆಗೆ ಇನ್ನೊಂದು ಮಗ್ಗುಲಿದೆ. ಪಶುಪಾಲಕರ ಪಕ್ಷ ವಹಿಸುವವರು ಅದನ್ನು ಮುಚ್ಚಿಡಬಾರದು. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಒಂದು ಸಾವಿರ ಸಿಂಹಗಳು, ಎಂದರೆ ಅಲ್ಲಿದ್ದ ಸಿಂಹಗಳ ಮೂರನೆಯ ಒಂದು ಭಾಗ, ಡಿಸ್ಟೆಂಪರ್‌ನಿಂದ ಸತ್ತವು. ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿ ಆ ರೋಗ ನೆಲೆಸಿತ್ತು. ಇಥಿಯೋಪಿಯದ ಬಾಲೆ ಪರ್ವತ ರಾಷ್ಟ್ರೀಯ ಉದ್ಯಾನದಲ್ಲಿ, ಜಗತ್ತಿನಲ್ಲೇ ಸುಮಾರು 500 ಮಾತ್ರ ಉಳಿದಿರುವ ಇಥಿಯೋಪಿಯ ತೋಳಗಳಿಗೆ 1990ರ ದಶಕದ ಆರಂಭದಲ್ಲಿ ಒಮ್ಮೆ, 2003ರಲ್ಲಿ ಮತ್ತೊಮ್ಮೆ ದನಗಾಹಿಗಳ ನಾಯಿಗಳಿಂದ ಹುಚ್ಚು ಹರಡಿತು. ಗುಜರಾತಿನ ಗಿರ್‌ನಲ್ಲಿ 2018ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಡುವಿನ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ ಅಲ್ಲಿಯೂ ಡಿಸ್ಟೆಂಪರ್ ವೈರಾಣು ಪತ್ತೆಯಾಯಿತು. ಭಾರತದಲ್ಲಿ ನಾಯಿಗಳು ಕನಿಷ್ಠ 80 ವನ್ಯಪ್ರಭೇದಗಳ ಮೇಲೆ ದಾಳಿ ಮಾಡಿರುವುದನ್ನೂ, ಅವುಗಳಲ್ಲಿ 31 ಪ್ರಭೇದಗಳು ಅಳಿವಿನ ಅಪಾಯದ ಪಟ್ಟಿಯಲ್ಲಿರುವುದನ್ನೂ 2018ರ ಸಮೀಕ್ಷೆಯೊಂದು ದಾಖಲಿಸಿತು. ಹಳ್ಳಿಯ ನಾಯಿ ನಿರಪರಾಧಿಯೆಂದು ಯಾರೂ ಹೇಳಲಾಗದು.

ಆದರೆ ಬಾಲೆಯಲ್ಲಿ ಏನು ಮಾಡಿದರು ಎಂಬುದು ಗಮನಾರ್ಹ. ದನಗಾಹಿಗಳನ್ನು ಓಡಿಸಿ ಕೈತೊಳೆದುಕೊಳ್ಳಲಿಲ್ಲ. ತೋಳಗಳ ಸಂರಕ್ಷಣೆಗೆ ನಿಂತವರು ಊರೂರು ತಿರುಗಿ ನಾಯಿಗಳಿಗೆ ವರ್ಷವರ್ಷವೂ ಲಸಿಕೆ ಹಾಕಿದರು. ದನಗಾಹಿ ನಾಯಿ ಸಾಕುವುದು ಶೋಕಿಗಲ್ಲ, ಮಂದೆ ಉಳಿಯಲಿ ಎಂದು. ನಾಯಿಯಿಲ್ಲದ ಮಂದೆಗೆ ತೋಳವೋ ಚಿರತೆಯೋ ಬಿದ್ದರೆ ಮುಂದೆ ಬರುವುದು ವಿಷ. ಸತ್ತ ಕುರಿಗೆ ಕೀಟನಾಶಕ ಸವರಿಟ್ಟರೆ ತೋಳದ ಜೊತೆಗೆ ಕತ್ತೆಕಿರುಬ, ಹದ್ದು, ಉಡ ಎಲ್ಲವೂ ಸಾಯುತ್ತವೆ. ಮಂದೆಯ ಪಕ್ಕದಲ್ಲಿ ನಿಲ್ಲುವ ನಾಯಿ, ವಿಷದ ಬದಲಿಗೆ ಇರುವ ಉಪಾಯ. ವಿಹಾರದ ನಾಯಿಗೂ ಮಂದೆಯ ನಾಯಿಗೂ ಇರುವ ವ್ಯತ್ಯಾಸ ಇದು. ಕಾನೂನು ನೋಡಬೇಕಾದದ್ದೂ ಇದನ್ನೇ.

ಕಾನೂನು ಏನನ್ನು ನೋಡುತ್ತಿದೆ? 1972ರ ಕಾಯ್ದೆಗೆ 1991ರಲ್ಲಿ ಸೇರಿಸಿದ 33ಎ ಕಲಮಿನ ಪ್ರಕಾರ ವನ್ಯಧಾಮದೊಳಗೂ ಅದರಿಂದ ಐದು ಕಿಲೋಮೀಟರ್ ಸುತ್ತಳತೆಯಲ್ಲೂ ಇರುವ ಸಾಕುಪಶುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆ ಹಾಕಿಸುವ ಕ್ರಮ ಕೈಗೊಳ್ಳುವುದು ಮುಖ್ಯ ವನ್ಯಜೀವಿ ಪರಿಪಾಲಕರ ಕರ್ತವ್ಯ. ಅದು ಅವರ ಔದಾರ್ಯವಲ್ಲ, ಕರ್ತವ್ಯ. ಹಟ್ಟಿಯ ಜನ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಅದೇ ಕಾಯ್ದೆಯಲ್ಲಿ ‘ಸಾಕುಪಶು’ ಎಂದರೆ ಯಾವುವು ಎಂದು ವಿವರಿಸುವ ಪಟ್ಟಿಯನ್ನು ತೆರೆದರೆ ಎಮ್ಮೆ, ಎತ್ತು, ಹಸು, ಕತ್ತೆ, ಕುರಿ, ಆಡು, ಕುದುರೆ, ಒಂಟೆ, ಹಂದಿ, ಬಾತುಕೋಳಿಯವರೆಗೆ ಹೆಸರುಗಳಿವೆ. ನಾಯಿಯ ಹೆಸರಿಲ್ಲ. ತೋಳ, ನರಿ, ಸೀಳುನಾಯಿಗಳಿಗೆ ರೋಗ ದಾಟಿಸಬಲ್ಲ ಪ್ರಾಣಿಗಳಲ್ಲಿ ಮೊದಲನೆಯದೇ ಲಸಿಕೆಯ ಪಟ್ಟಿಯಿಂದ ಹೊರಗೆ ಉಳಿದಿದೆ! 2022ರಲ್ಲಿ ಈ ಕಾಯ್ದೆಗೆ ದೊಡ್ಡ ಪ್ರಮಾಣದ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಾಗಲೂ ಈ ಕಿಂಡಿಯನ್ನು ಯಾರೂ ಮುಚ್ಚಲಿಲ್ಲ. ಊರಿನಲ್ಲಿ ನಾಯಿಗೆ ಲಸಿಕೆಯೆಂದರೆ ಹುಚ್ಚುನಾಯಿ ರೋಗದ್ದೊಂದೇ ನೆನಪಾಗುತ್ತದೆ, ಏಕೆಂದರೆ ಅದು ಮನುಷ್ಯನನ್ನು ಕೊಲ್ಲುತ್ತದೆ. ಡಿಸ್ಟೆಂಪರ್ ಕೊಲ್ಲುವುದು ನಾಯಿಯನ್ನು, ನರಿಯನ್ನು. ಅವುಗಳ ಪರವಾಗಿ ಅರ್ಜಿ ಕೊಡುವವರಿಲ್ಲ.

ಪ್ರವಾಸಿಯ ವಿಷಯದಲ್ಲಿ ಮಾತ್ರ ಕಾನೂನು ಮೂಕವಾಗಿಲ್ಲ, ಅದನ್ನು ಓದುವವರು ಮೂಕರಾಗಿದ್ದಾರೆ. 27ನೆಯ ಕಲಮು ಅನುಮತಿ ಇಲ್ಲದ ಪ್ರವೇಶವನ್ನು ತಡೆಯುತ್ತದೆ, ವನ್ಯಪ್ರಾಣಿಯನ್ನು ಕಾಡಿಸುವುದನ್ನು ನಿಷೇಧಿಸುತ್ತದೆ. 28ನೆಯ ಕಲಮು ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ ವ್ಯಕ್ತಿಗೆ ಅನುಮತಿ ಕೊಡುತ್ತದೆ. ಆ ಅನುಮತಿಗೆ ಷರತ್ತು ಹಾಕುವ ಅಧಿಕಾರ ಇಲಾಖೆಯ ಕೈಯಲ್ಲಿಯೇ ಇದೆ. ಬೇಟೆ ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥದಲ್ಲಿ ಕೊಲ್ಲುವುದಷ್ಟೇ ಅಲ್ಲ, ಬೆನ್ನಟ್ಟುವುದೂ ಅಟ್ಟುವುದೂ ಸೇರಿವೆ. ಹೊಸ ಕಾಯ್ದೆ ಬೇಕಿಲ್ಲ, ಒಂದು ಸಾಲಿನ ಷರತ್ತು ಸಾಕು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಮುಗಿಬಿದ್ದಾಗ ರಾಜ್ಯ ಸರ್ಕಾರ ಕೆಲವೇ ದಿನಗಳಲ್ಲಿ ಚಾರಣಗಳಿಗೆ ತಡೆಯೊಡ್ಡಿತು, ಬಳಿಕ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಮನಸ್ಸಿದ್ದರೆ ಇಲಾಖೆ ಎಷ್ಟು ಬೇಗ ಹೆಜ್ಜೆಯಿಡಬಲ್ಲದೆಂಬುದಕ್ಕೆ ಅದೇ ನಿದರ್ಶನ.

ನಾಯಿಯೊಡನೆ ಬರುವವರು ತಮ್ಮ ಸುರಕ್ಷತೆಗೂ ನಾಯಿ ಬೇಕೆನ್ನುವುದುಂಟು. ಕರಡಿಯ ಕಾಡಿನಲ್ಲಿ ಇದು ಶುದ್ಧ ಅಜ್ಞಾನ. ಕರಡಿಗೆ ದೃಷ್ಟಿ ಮಂದ. ಹಗಲಿನಲ್ಲಿ ಬಂಡೆಯ ಸಂದಿನಲ್ಲೋ ಪೊದೆಯಲ್ಲೋ ಮಲಗಿರುತ್ತದೆ, ತೀರಾ ಹತ್ತಿರದಲ್ಲಿ ಬೆಚ್ಚಿಬಿದ್ದರೆ ಎರಗುತ್ತದೆ. ನಾಯಿ ಅದನ್ನು ಕೆಣಕಿ ಬೊಗಳಿ, ಅದು ಎದ್ದುನಿಂತೊಡನೆ ಬಾಲ ಮುದುರಿಕೊಂಡು ಓಡಿ ಬರುವುದು ಒಡೆಯನ ಕಾಲ ಬಳಿಗೆ. ಹಿಂದೆಯೇ ಕರಡಿ. ನಗರದವನು ತಪ್ಪಿಸಿಕೊಂಡು ಕಾರು ಹತ್ತಿದರೂ ಕೆರಳಿದ ಕರಡಿ ಅಲ್ಲಿಯೇ ಉಳಿಯುತ್ತದೆ. ಸೀತಾಫಲದ ಕಾಲದಲ್ಲಿ ಮಂಕರಿ ಹೊತ್ತು ಅದೇ ದಾರಿಯಲ್ಲಿ ಬೆಟ್ಟ ಹತ್ತುವುದು ಬುಡದ ಹಳ್ಳಿಗಳ ಹೆಂಗಸರು. ಅವರ ಕೈಯಲ್ಲಿ ಕುಡುಗೋಲಿನ ಹೊರತು ಏನೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಹಳ್ಳಿಯ ಕಡೆಗೂ ತಿರುಗಿ ನೋಡದಿದ್ದರೆ ಅದು ಅಪ್ರಾಮಾಣಿಕತೆ. ಯುಗಾದಿಯ ಹೊಸತೊಡಕಿಗೆ ನಾಯಿಗಳನ್ನು ಕಟ್ಟಿಕೊಂಡು ಮೊಲ, ಹಂದಿ, ಉಡದ ಬೇಟೆಗೆ ಹೊರಡುವವರು ಇಂದಿಗೂ ಇದ್ದಾರೆ. ಅದನ್ನು ಸಂಪ್ರದಾಯವೆಂದು ಸಮರ್ಥಿಸುವ ನಾಲಿಗೆಗೆ ಲ್ಯಾಬ್ರಡಾರ್ ತರುವವನನ್ನು ಬಯ್ಯುವ ಹಕ್ಕಿಲ್ಲ. ಸಾಕಲಾಗದ ಹೆಣ್ಣುಮರಿಗಳನ್ನು ಚೀಲದಲ್ಲಿ ತಂದು ಕಾಡಿನ ಅಂಚಿನಲ್ಲಿ ಬಿಡುವುದೂ ಅಷ್ಟೇ ಕೆಟ್ಟದ್ದು. ಬದುಕಿದ ಮರಿ ವರ್ಷ ತುಂಬುವುದರೊಳಗೆ ಬೇಟೆ ಕಲಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾಯಿಗಳನ್ನು ಬೆಳೆಸುತ್ತಿರುವುದು ತಿಪ್ಪೆ. ಹೆದ್ದಾರಿಯ ಡಾಬಾಗಳ ಎಂಜಲು, ಕೋಳಿ ಅಂಗಡಿಗಳ ಕರುಳು ಮತ್ತು ಪುಕ್ಕ, ಫಾರಮ್ಮಿನಲ್ಲಿ ಸತ್ತ ಕೋಳಿಗಳ ಮೂಟೆ, ಹಳ್ಳದ ದಂಡೆಗೆ ಎಸೆದ ದನದ ಕಳೇಬರ. ಒಂದು ಕಾಲದಲ್ಲಿ ಕಳೇಬರವನ್ನು ಗಂಟೆಗಳಲ್ಲಿ ಮುಗಿಸುತ್ತಿದ್ದ ರಣಹದ್ದುಗಳು 1990ರ ದಶಕದಲ್ಲಿ ದೇಶದಾದ್ಯಂತ ಕುಸಿದುಬಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಅವುಗಳ ಮೂತ್ರಪಿಂಡವನ್ನು ಕೆಡಿಸಿತ್ತು. 2006ರಲ್ಲಿ ಅದರ ಪಶುಬಳಕೆ ನಿಷೇಧವಾಗುವ ಹೊತ್ತಿಗೆ ಹದ್ದಿನ ಜಾಗದಲ್ಲಿ ನಾಯಿ ಕುಳಿತಾಗಿತ್ತು. ನಾಯಿ ಹೆಚ್ಚಿದಲ್ಲಿ ಚಿರತೆಯೂ ಊರಿನ ಹಿತ್ತಲಿಗೆ ಬರುತ್ತದೆ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕೃಷಿಭೂಮಿಯ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇಕಡಾ 39ರಷ್ಟು ನಾಯಿಯೇ ಇತ್ತೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಐಮಂಗಲದ ಸುತ್ತ ಚಿರತೆ ಕಂಡಾಗಲೆಲ್ಲ ಬೋನು ಇಡಿ ಎಂದು ಕೂಗುವ ಗ್ರಾಮಗಳು ತಮ್ಮ ತಿಪ್ಪೆಯ ಕಡೆಗೆ ಒಮ್ಮೆ ನಡೆದು ನೋಡಲಿ.

ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತನ್ನೂ ಇಲ್ಲಿ ಎತ್ತಲೇಬೇಕು. 2023ರ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಬೇಕು. ನಗರದ ಬೀದಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದ ನಿಯಮವಿದು. ಹಿಡಿದ ಜಾಗ ವನ್ಯಧಾಮದ ಅಂಚಾದರೆ? ಮರಿ ಹಾಕದ ನಾಯಿಯೂ ಮೊಲ ಹಿಡಿಯುತ್ತದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಧಾಮ ಮಾಡಿದ ಸರ್ಕಾರ, 2019ರಲ್ಲಿ ಶಿರಾದ ಬುಕ್ಕಾಪಟ್ಟಣದಲ್ಲಿ ಚಿಂಕಾರಕ್ಕಾಗಿ ಮಾಡಿದ ಸರ್ಕಾರ, ಅವುಗಳ ಮರಿಗಳನ್ನು ಹಿಡಿಯುವ ನಾಯಿಯನ್ನು ಅಲ್ಲಿಯೇ ಬಿಡಿ ಎನ್ನುವ ನಿಯಮದ ಬಗ್ಗೆ ಕೇಂದ್ರಕ್ಕೆ ಏನು ಹೇಳಿದೆ? ಬಯಲುಸೀಮೆಯ ಈ ಪುಟ್ಟ ವನ್ಯಧಾಮಗಳಿಗೆ ಬಂಡೀಪುರದಂತೆ ನಡುಗಾಡು ಎಂಬುದೇ ಇಲ್ಲ. ಎಲ್ಲಿ ನಿಂತರೂ ಅಂಚೇ.

ಕೆಲಸ ಎಲ್ಲಿಂದ ಆರಂಭವಾಗಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ಬೆಟ್ಟದ ಬುಡದ ಒಂದೊಂದು ಹಟ್ಟಿಯೂ ಒಂದು ಅಧ್ಯಯನ ಕ್ಷೇತ್ರ. ಎಷ್ಟು ಮಂದೆ, ಎಷ್ಟು ನಾಯಿ, ಎಷ್ಟಕ್ಕೆ ಯಾವ ಲಸಿಕೆಯಾಗಿದೆ, ಕಳೆದ ಮಳೆಗಾಲದಲ್ಲಿ ಎಷ್ಟು ಮರಿಗಳು ಸತ್ತವು, ಸಾಯುವ ಮುನ್ನ ವಾಂತಿಯಿತ್ತೇ, ಮೂಗು ಸೋರುತ್ತಿತ್ತೇ, ಕೈಕಾಲು ಅದುರುತ್ತಿದ್ದವೇ. ಒಂದು ನೋಟ್‌ಬುಕ್ ಮತ್ತು ನಾಲ್ಕು ಭಾನುವಾರ ಸಾಕು. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಕಲಮಿನಂತೆ ಪ್ರತಿ ಗ್ರಾಮಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹೆಸರಿಗೆ ಇರುವ ಆ ಸಮಿತಿಯ ಮುಂದೆ ಈ ಲೆಕ್ಕವನ್ನಿಟ್ಟು ಎರಡು ನಿರ್ಣಯ ಬರೆಸಬಹುದು. ಐದು ಕಿಲೋಮೀಟರ್ ಒಳಗಿನ ಹಟ್ಟಿಗಳ ನಾಯಿಗಳಿಗೆ ಅರಣ್ಯ ಮತ್ತು ಪಶುಪಾಲನಾ ಇಲಾಖೆಗಳು ಸೇರಿ ಡಿಸ್ಟೆಂಪರ್, ಪಾರ್ವೊ, ಹುಚ್ಚುನಾಯಿ ರೋಗದ ಲಸಿಕೆಯನ್ನು ಹಟ್ಟಿಯ ಬಾಗಿಲಿಗೇ ತಂದು ಹಾಕಲಿ ಎಂಬುದು ಮೊದಲನೆಯದು. ಆಡುಮಲ್ಲೇಶ್ವರದಿಂದ ಮೇಲೆ ಜೋಗಿಮಟ್ಟಿಗೆ ಹತ್ತುವ ರಸ್ತೆಯ ಬಾಯಲ್ಲಿ, ಪ್ರವಾಸಿಗಳ ನಾಯಿಗೆ ಪ್ರವೇಶವಿಲ್ಲವೆಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ದೊಡ್ಡ ಅಕ್ಷರಗಳ ಫಲಕ ನಿಲ್ಲಲಿ, ಅದರ ಕೆಳಗೆ ದಂಡದ ಮೊತ್ತವೂ ಇರಲಿ ಎಂಬುದು ಎರಡನೆಯದು. ನಿರ್ಣಯದ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬಾರದು.